ಚಾರ್ಮಾಡಿಯಲ್ಲಿ ಸುಟ್ಟ ವಾಸನೆ: ಆಲ್ಟೋ ಕ್ಲಚ್ ಬಿಚ್ಚಿ ಹಾಕಿದ ಹದಿನಾರು ದಿನ

ಗಾಡಿ ಮಾರುತಿ ಆಲ್ಟೋ ಎಲ್‌ಎಕ್ಸ್‌ಐ, 2009ರದ್ದು, 796 ಸಿಸಿ ಪೆಟ್ರೋಲ್. ಓಡಿರೋದು 91,400 ಕಿ.ಮೀ. ಇದರ ಕ್ಲಚ್ ಕೇಬಲ್‌ನದ್ದು, ಆಯಿಲ್‌ನಲ್ಲಿ ಕೆಲಸ ಮಾಡೋದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದ ತಪ್ಪೆಲ್ಲ ಶುರುವಾಗಿದ್ದು ಆ ಕೇಬಲ್‌ನಿಂದಲೇ.

ಜನವರಿ 12, 2025, ಭಾನುವಾರ

ಧರ್ಮಸ್ಥಳದಿಂದ ಮೂಡಿಗೆರೆಗೆ ವಾಪಸ್ ಬರುತ್ತಿದ್ದೆವು. ನಾನು, ಹೆಂಡತಿ, ಅಪ್ಪ, ಅಮ್ಮ. ಡಿಕ್ಕಿಯಲ್ಲಿ ಒಂದು ಚೀಲ ತೆಂಗಿನಕಾಯಿ. ಚಾರ್ಮಾಡಿ ಘಾಟಿಯ ಒಂದು ತಿರುವಿನಲ್ಲಿ ಬಸ್ಸೂ ಪಿಕಪ್ ಗಾಡಿಯೂ ಎದುರುಬದುರಾಗಿ ನಿಂತಿದ್ದವು. ಹಿಂದೆ ಸಾಲು. ಇಪ್ಪತ್ತು ನಿಮಿಷ ಎರಡಡಿ ಮುಂದೆ, ನಿಲ್ಲು, ಮತ್ತೆ ಎರಡಡಿ. ಏರಿನಲ್ಲಿ ಗಾಡಿ ಹಿಂದೆ ಜಾರಬಾರದು ಅಂತ ಹಾಫ್ ಕ್ಲಚ್‌ನಲ್ಲೇ ಹಿಡಿದುಕೊಂಡಿದ್ದೆ. ಹ್ಯಾಂಡ್ ಬ್ರೇಕ್ ಎಳೆಯಬೇಕಿತ್ತು. ಎಳೆಯಲಿಲ್ಲ.

ಮೊದಲು ಅಮ್ಮನಿಗೆ ಗೊತ್ತಾಯಿತು. "ಏನೋ ಸುಟ್ಟ ವಾಸನೆ ಬರ್ತಿದೆ, ಬ್ರೇಕಾ ನೋಡೋ" ಅಂದರು. ಬ್ರೇಕ್ ಅಲ್ಲ. ಕ್ಲಚ್ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮರೆಯೋದಿಲ್ಲ. ರಬ್ಬರ್ ಸುಟ್ಟಂತೆಯೂ ಇರುತ್ತದೆ, ಕೂದಲು ಸುಟ್ಟಂತೆಯೂ ಇರುತ್ತದೆ. ಸಾಲು ಬಿಟ್ಟ ಮೇಲೆ ಮೂರನೇ ಗೇರಿಗೆ ಹಾಕಿದೆ. ಎಂಜಿನ್ ಜೋರಾಗಿ ಕೂಗುತ್ತದೆ, ಗಾಡಿ ಮಾತ್ರ ಎಳೆಯುತ್ತಿಲ್ಲ. ಅಗಲ ಜಾಗ ನೋಡಿ ನಿಲ್ಲಿಸಿದೆ. ಬಾನೆಟ್ ಎತ್ತಿ ನಲವತ್ತು ನಿಮಿಷ ಆರಲು ಬಿಟ್ಟೆ. ಆಮೇಲೆ ಒಂದು, ಎರಡನೇ ಗೇರಿನಲ್ಲಿ, ಎಕ್ಸಲೇಟರ್ ಜಾಸ್ತಿ ತುಳಿಯದೆ ಕೊಟ್ಟಿಗೆಹಾರ ತಲುಪಿದೆವು. ಅಲ್ಲಿ ನೀರುದೋಸೆ ತಿಂದು ಇನ್ನೂ ಅರ್ಧ ಗಂಟೆ ಕೂತೆವು. ಮನೆ ಮುಟ್ಟುವಾಗ ವಾಸನೆ ಕಡಿಮೆಯಾಗಿತ್ತು, ಆದರೆ ಕ್ಲಚ್ ಹಿಡಿಯುತ್ತಿದ್ದದ್ದು ಪೆಡಲ್ ಪೂರ್ತಿ ಮೇಲೆ ಬಂದ ಮೇಲೆ.

ಜನವರಿ 13, ಸೋಮವಾರ: ಪರೀಕ್ಷೆ

ಗಾಡಿ ತಣ್ಣಗಿರುವಾಗ ಮೂರು ಪರೀಕ್ಷೆ ಮಾಡಿದೆ.

1. ಮಟ್ಟಸ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ಸ್ವಲ್ಪ ರೇಸ್ ಕೊಟ್ಟು ಕ್ಲಚ್ ಬಿಡಬೇಕು. ಕ್ಲಚ್ ಸರಿ ಇದ್ದರೆ ಎಂಜಿನ್ ಆ ಕ್ಷಣವೇ ಆಫ್ ಆಗುತ್ತದೆ. ನನ್ನದು ಎರಡು ಸೆಕೆಂಡ್ ಗೊರಗೊರ ಅಂತ ಓಡಿ ಆಮೇಲೆ ಆಫ್ ಆಯಿತು. ಈ ಪರೀಕ್ಷೆ ಒಂದೇ ಸಲ ಸಾಕು. ಮತ್ತೆ ಮತ್ತೆ ಮಾಡಿದರೆ ಉಳಿದ ಕ್ಲಚ್ ಪ್ಲೇಟೂ (ಎಂಜಿನ್ ಶಕ್ತಿಯನ್ನು ಹಿಡಿದು ಗೇರ್‌ಬಾಕ್ಸಿಗೆ ಕೊಡುವ ತಟ್ಟೆ) ಸುಡುತ್ತದೆ.

2. ಮನೆ ಮುಂದಿನ ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರ್, 40ರ ಸ್ಪೀಡ್, ಒಮ್ಮೆಲೇ ಎಕ್ಸಲೇಟರ್ ಒತ್ತಿದೆ. ಈ ಗಾಡಿಗೆ ಆರ್‌ಪಿಎಂ ಮೀಟರ್ ಇಲ್ಲ, ಕಿವಿಯಲ್ಲೇ ಕೇಳಬೇಕು. ಎಂಜಿನ್ ಸದ್ದು ಮೇಲೆ ಹೋಯಿತು, ಸ್ಪೀಡ್ 40ರಲ್ಲೇ ನಿಂತಿತ್ತು. ಸ್ಲಿಪ್ ಆಗುತ್ತಿದೆ ಅಂತ ಖಚಿತ.

3. ಪೆಡಲ್ ಪಕ್ಕ ಸ್ಕೇಲ್ ಹಿಡಿದು, ಬೆರಳಲ್ಲಿ ಒತ್ತಿ ಫ್ರೀ ಪ್ಲೇ (ಬಿಗಿಯಾಗುವ ಮೊದಲು ಪೆಡಲ್ ಸಡಿಲವಾಗಿ ಇಳಿಯುವ ಅಳತೆ) ನೋಡಿದೆ. ಸೊನ್ನೆ. ಬೆರಳಿಟ್ಟ ಕೂಡಲೇ ಬಿಗಿ.

ಮೂರನೆಯದನ್ನು ನೋಡಿದಾಗ ಎದೆ ಧಸಕ್ ಅಂತು. ಬಾನೆಟ್ ತೆಗೆದು ಗೇರ್‌ಬಾಕ್ಸ್ ಮೇಲಿನ ಕ್ಲಚ್ ಲಿವರ್ ಅಲ್ಲಾಡಿಸಿದೆ. ಒಂದಿಷ್ಟೂ ಅಲ್ಲಾಡಲಿಲ್ಲ. ಕೇಬಲ್ ವೀಣೆಯ ತಂತಿಯ ಹಾಗೆ ಬಿಗಿಯಾಗಿತ್ತು.

ಅದನ್ನು ಹಾಗೆ ಬಿಗಿ ಮಾಡಿದವನು ನಾನೇ. ಅಕ್ಟೋಬರ್‌ನಲ್ಲಿ ರಿವರ್ಸ್ ಹಾಕುವಾಗ ಗರ್ ಅಂತ ಸದ್ದು ಬರುತ್ತಿತ್ತು. ಕ್ಲಚ್ ಪೂರ್ತಿ ಬಿಡ್ತಿಲ್ಲ ಅಂತ ಲಿವರ್ ಹತ್ತಿರದ ಅಡ್ಜಸ್ಟಿಂಗ್ ನಟ್ಟನ್ನು ತಿರುಗಿಸುತ್ತಾ ಹೋದೆ. ಸದ್ದು ನಿಂತಿತು, ಕೆಲಸ ಆಯ್ತು ಅಂದುಕೊಂಡೆ. ಅಳತೆ ತೆಗೆದುಕೊಳ್ಳಲಿಲ್ಲ. ಮೂರು ತಿಂಗಳು ರಿಲೀಸ್ ಬೇರಿಂಗ್ (ಪೆಡಲ್ ತುಳಿದಾಗ ಕ್ಲಚ್ ಬಿಡಿಸುವ ಬೇರಿಂಗ್) ಪ್ರೆಶರ್ ಪ್ಲೇಟಿನ (ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಭಾಗ) ಬೆರಳುಗಳನ್ನು ಒತ್ತಿಕೊಂಡೇ ಇತ್ತು. ಇಡೀ ಹೊತ್ತು ಕ್ಲಚ್ ಮೇಲೆ ಕಾಲಿಟ್ಟು ಓಡಿಸಿದಂತೆ. ಘಾಟಿ ಸುಮ್ನೆ ಕೊನೆಯ ಏಟು ಕೊಟ್ಟಿತು ಅಷ್ಟೇ.

ಕೇಬಲ್ ಕ್ಲಚ್ ಇರುವವರು ಒಂದು ಮಾತು ನೆನಪಿಡಿ. ಪ್ಲೇಟ್ ಸವೆದ ಹಾಗೆ ಪ್ರೆಶರ್ ಪ್ಲೇಟಿನ ಬೆರಳುಗಳು ಬೇರಿಂಗ್ ಕಡೆಗೆ ಬರುತ್ತವೆ. ಫ್ರೀ ಪ್ಲೇ ತಾನಾಗಿಯೇ ಕಡಿಮೆಯಾಗುತ್ತದೆ. ಹಳೆ ಪ್ಲೇಟಿಗೆ ಕೇಬಲನ್ನು ಆಗಾಗ ಸ್ವಲ್ಪ ಲೂಸ್ ಮಾಡಬೇಕಾಗುತ್ತದೆ. ನಾನು ಉಲ್ಟಾ ಮಾಡಿದ್ದೆ.

ಜನವರಿ 15, ಬುಧವಾರ

ಸಂಕ್ರಾಂತಿ ದಿನ ಗಾಡಿ ಮುಟ್ಟಲಿಲ್ಲ. ಮರುದಿನ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಇನ್ನೂರು ಮೀಟರ್ ಓಡಿಸಿ, "ಪ್ಲೇಟ್ ಹೋಗಿದೆ ಸಾರ್, ಗೇರ್‌ಬಾಕ್ಸ್ ಇಳಿಸ್ಬೇಕು" ಅಂದರು. ಸಾಮಾನು, ಕೂಲಿ ಎಲ್ಲ ಸೇರಿ 7,800 ರೂಪಾಯಿ. ಯೋಚಿಸಿ ಹೇಳ್ತೀನಿ ಅಂತ ಬಂದೆ.

ಸಂಜೆ ಕೇಬಲ್ ನಟ್ ಏಳು ಸುತ್ತು ಸಡಿಲ ಮಾಡಿದೆ. ಲಿವರ್ ತುದಿಯಲ್ಲಿ 3 ಮಿ.ಮೀ. ಆಟ ಬಂತು. ಪೆಡಲ್ ಹತ್ತಿರ ಸುಮಾರು 20 ಮಿ.ಮೀ. ಓಡಿಸಿ ನೋಡಿದರೆ ಬೇರೆಯದೇ ಗಾಡಿ! ಕ್ಲಚ್ ಅರ್ಧದಲ್ಲೇ ಹಿಡಿಯುತ್ತದೆ, ಪಿಕಪ್ ಇದೆ, ವಾಸನೆ ಇಲ್ಲ. ಖುಷಿಯಿಂದ ಮನೆಯಲ್ಲಿ ಎಲ್ಲರಿಗೂ ಹೇಳಿದೆ, 7,800 ಉಳಿಯಿತು ಅಂತ.

ನಿಜವಾಗಿಯೂ ಎಷ್ಟೋ ಗಾಡಿಗಳಲ್ಲಿ ಇಷ್ಟಕ್ಕೇ ಕೆಲಸ ಮುಗಿಯುತ್ತದೆ. ಸ್ಲಿಪ್ ಶುರುವಾದ ಹೊಸದರಲ್ಲೇ ನೋಡಿಕೊಂಡರೆ ಹತ್ತು ನಿಮಿಷದ ಕೆಲಸ. ನನಗೆ ಮೂರು ತಿಂಗಳು ತಡವಾಗಿತ್ತು.

ಜನವರಿ 22, ಬುಧವಾರ

ಒಂದು ವಾರ ಚೆನ್ನಾಗಿ ಓಡಿತು. ಇವತ್ತು ನಾಲ್ಕು ಜನ ಕೂತು ತೋಟದ ಏರು ಹತ್ತುವಾಗ ಮತ್ತೆ ಅದೇ ಕೂಗು, ಅದೇ ವಾಸನೆ. ಫ್ರೀ ಪ್ಲೇ ನೋಡಿದೆ, 18 ಮಿ.ಮೀ. ಇದೆ. ಅಂದರೆ ಕೇಬಲ್ ತಪ್ಪಲ್ಲ, ಒಳಗೆ ಪ್ಲೇಟೇ ಮುಗಿದಿದೆ. ಮೆಕ್ಯಾನಿಕ್ ಹೇಳಿದ್ದು ಸರಿಯೇ ಇತ್ತು.

ನಾನೇ ಬಿಚ್ಚೋಣ ಅಂತ ತೀರ್ಮಾನ ಮಾಡಿದೆ. ಹಿಂದೆ ಅಪ್ಪನ ಜೀಪಿನ ಗೇರ್‌ಬಾಕ್ಸ್ ಇಳಿಸುವಾಗ ಜೊತೆಗಿದ್ದ ಅನುಭವ ಇತ್ತು. ಬಾಮೈದ ಶನಿವಾರ ಬರ್ತೀನಿ ಅಂದ. ಇದು ಒಬ್ಬನೇ ಮಾಡುವ ಕೆಲಸ ಖಂಡಿತ ಅಲ್ಲ.

ತಂದ ಸಾಮಾನು: ಕ್ಲಚ್ ಸೆಟ್ (ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್) 2,650. ಹೊಸ ಕೇಬಲ್ 280. ಗೇರ್ ಆಯಿಲ್ 75ಡಬ್ಲ್ಯೂ-90 ಎರಡು ಲೀಟರ್ 760. ಬ್ರೇಕ್ ಕ್ಲೀನರ್ ಮತ್ತು ಎಮರಿ ಪೇಪರ್ 240. ಜಾಕಿ ಸ್ಟ್ಯಾಂಡ್ ಎರಡು 1,400. ಸ್ಟ್ಯಾಂಡ್ ದುಬಾರಿ ಅನಿಸಬಹುದು. ಆದರೆ ಬರೀ ಜಾಕಿ ನಂಬಿ ಗಾಡಿ ಕೆಳಗೆ ತಲೆ ಹಾಕಬೇಡಿ, ದಯವಿಟ್ಟು. ಬಿಚ್ಚಿದ ಎರಡು ಚಕ್ರಗಳನ್ನೂ ನಾವು ಗಾಡಿ ಅಡಿಗೆ ತೂರಿಸಿ ಇಟ್ಟಿದ್ದೆವು.

ಜನವರಿ 25, ಶನಿವಾರ, ಬೆಳಿಗ್ಗೆ 8: ಬಿಚ್ಚಿದ್ದು

ಕ್ರಮವಾಗಿ ಹೇಳುತ್ತೇನೆ. ಬ್ಯಾಟರಿ ಮೈನಸ್ ತೆಗೆದೆವು. ಕ್ಲಚ್ ಕೇಬಲ್, ಸ್ಪೀಡೋಮೀಟರ್ ಕನೆಕ್ಷನ್, ರಿವರ್ಸ್ ಲೈಟ್ ವೈರ್, ಅರ್ತ್ ವೈರ್, ಸ್ಟಾರ್ಟರ್ ಮೋಟಾರ್. ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಫೋಟೋ. ಬೋಲ್ಟುಗಳನ್ನು ಬೇರೆ ಬೇರೆ ಟೀ ಲೋಟದಲ್ಲಿ ಹಾಕಿ ಮೇಲೆ ಹೆಸರು ಬರೆದೆವು. ಗೇರ್ ಆಯಿಲ್ ಇಳಿಸಿದೆವು. ಕಪ್ಪಾಗಿತ್ತು, ಲೋಹದ ಚೂರು ಇರಲಿಲ್ಲ. ಮುಂದಿನ ಚಕ್ರ ತೆಗೆದು, ಕೆಳಗಿನ ಬಾಲ್ ಜಾಯಿಂಟ್ ಬಿಡಿಸಿ, ಹಬ್ ಹೊರಗೆ ಎಳೆದು, ಚಕ್ರ ತಿರುಗಿಸುವ ಎರಡೂ ಡ್ರೈವ್ ಶಾಫ್ಟ್‌ಗಳನ್ನು ಗೇರ್‌ಬಾಕ್ಸ್‌ನಿಂದ ಹಾರೆಯಲ್ಲಿ ಮೀಟಿ ತೆಗೆದೆವು. ಬಲಗಡೆಯದು ಹಟ ಮಾಡಿತು. ಹಾರೆಯನ್ನು ಸ್ವಲ್ಪ ಒರಟಾಗಿ ಆಡಿಸಿದೆ. ಇದರ ಫಲ ನಾಳೆ ಸಿಗುತ್ತದೆ.

ಗೇರ್ ಲಿಂಕೇಜ್ ಬಿಡಿಸಿ, ಎಂಜಿನ್ ಅಡಿಗೆ ಮರದ ತುಂಡಿಟ್ಟು ಜಾಕಿ ಕೊಟ್ಟೆವು. ಗೇರ್‌ಬಾಕ್ಸ್ ಕಡೆಯ ಮೌಂಟಿಂಗ್ ತೆಗೆದು, ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ಬೋಲ್ಟುಗಳನ್ನು ಬಿಚ್ಚಿದೆವು. ಮೇಲ್ಗಡೆಯ ಒಂದು ಬೋಲ್ಟ್ ಕೈಗೆ ಸಿಗುವ ಜಾಗದಲ್ಲಿಲ್ಲ. ಅದೊಂದಕ್ಕೇ ಮುಕ್ಕಾಲು ಗಂಟೆ ಹೋಯಿತು. ಉದ್ದ ಎಕ್ಸ್‌ಟೆನ್ಶನ್ ರಾಡ್ ಇಲ್ಲದಿದ್ದರೆ ಈ ಕೆಲಸಕ್ಕೆ ಇಳಿಯಬೇಡಿ. ಮಧ್ಯಾಹ್ನ 1:15ಕ್ಕೆ ಗೇರ್‌ಬಾಕ್ಸ್ ಗೋಣಿಚೀಲದ ಮೇಲೆ ಬಂದು ಕೂತಿತು.

ಒಳಗೆ ಕಂಡದ್ದು

ಬೆಲ್ ಹೌಸಿಂಗ್ (ಕ್ಲಚ್ ಮುಚ್ಚುವ ಗೇರ್‌ಬಾಕ್ಸಿನ ಗೂಡು) ಒಳಗೆಲ್ಲ ಕಪ್ಪು ಪುಡಿ. ಹಳೆಯ ಪ್ಲೇಟಿನ ಪುಡಿಯನ್ನು ಬಾಯಲ್ಲಿ ಊದಬಾರದು, ಗಾಳಿ ಹೊಡೆಯಲೂಬಾರದು, ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿದೆವು.

ಪ್ರೆಶರ್ ಪ್ಲೇಟ್ ಬಿಚ್ಚಿದಾಗ ಕ್ಲಚ್ ಪ್ಲೇಟ್ ಕೈಗೆ ಬಿತ್ತು. ಎರಡು ವಾರದಿಂದ ಮೂಗಿನಲ್ಲಿ ಕೂತಿದ್ದ ವಾಸನೆ ಅದರಲ್ಲಿ ಇನ್ನೂ ಇತ್ತು. ಮೇಲ್ಮೈ ಹಳೆ ದೋಸೆ ಕಾವಲಿಯ ಹಾಗೆ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಉಗುರಲ್ಲಿ ಕೆರೆದರೆ ಜಾರುತ್ತದೆ, ಹಿಡಿಯೋದಿಲ್ಲ. ವರ್ನಿಯರ್‌ನ ಬಾಲದಲ್ಲಿ ರಿವೆಟ್ ಎಷ್ಟು ಆಳ ಇದೆ ಅಂತ ನೋಡಿದೆ. ಫ್ಲೈವೀಲ್ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಕಡೆ 0.6 ಮಿ.ಮೀ., ಪ್ರೆಶರ್ ಪ್ಲೇಟ್ ಕಡೆ 0.2. 0.5ಕ್ಕಿಂತ ಕಡಿಮೆಯಾದರೆ ಬದಲಿಸಬೇಕು. ಇನ್ನೊಂದು ಘಾಟಿ ಹತ್ತಿದ್ದರೆ ರಿವೆಟ್ ತಲೆ ಪ್ರೆಶರ್ ಪ್ಲೇಟನ್ನು ಕೊರೆಯುತ್ತಿತ್ತು.

ಪ್ರೆಶರ್ ಪ್ಲೇಟಿನಲ್ಲಿ ನೀಲಿ ಕಲೆ, ಕೂದಲೆಳೆಯಷ್ಟು ಸಣ್ಣ ಬಿರುಕುಗಳು. ಅದರ ಬೆರಳುಗಳ ತುದಿಯಲ್ಲಿ ಬೇರಿಂಗ್ ಉಜ್ಜಿ ಉಜ್ಜಿ ಆದ ಗುಳಿ, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ನನ್ನ ಬಿಗಿ ಕೇಬಲ್ ಮಾಡಿದ ಕೆಲಸ ಅದು. ರಿಲೀಸ್ ಬೇರಿಂಗ್ ಕೈಯಲ್ಲಿ ತಿರುಗಿಸಿದರೆ ಗರಗರ. ಬಾಮೈದ ಅದನ್ನು ಕಿವಿ ಹತ್ತಿರ ಹಿಡಿದು, "ಭಾವ, ಒಳಗೆ ಮರಳು ತುಂಬಿದ ಹಾಗಿದೆ" ಅಂದ.

ಫ್ಲೈವೀಲ್ ಮಾತ್ರ ಬದುಕಿತ್ತು. ಎರಡು ಕಡೆ ನೀಲಿ, ಆದರೆ ಬಿರುಕಿಲ್ಲ, ಉಗುರಿಗೆ ಸಿಗುವ ಗೀರಿಲ್ಲ. 120ರ ಎಮರಿ ಪೇಪರಿನಲ್ಲಿ ಅಡ್ಡಡ್ಡ ಉಜ್ಜಿ ಹೊಳಪು ತೆಗೆದು, ಬ್ರೇಕ್ ಕ್ಲೀನರ್‌ನಲ್ಲಿ ತೊಳೆದೆ. ನಡುವಿನ ಸಣ್ಣ ಬೇರಿಂಗ್ ಸಲೀಸಾಗಿ ತಿರುಗುತ್ತಿತ್ತು. ಕ್ರ್ಯಾಂಕ್ ಸೀಲ್ (ಎಂಜಿನ್ ಆಯಿಲ್ ಹೊರಗೆ ಬಾರದಂತೆ ತಡೆಯುವ ರಬ್ಬರ್ ಬಳೆ) ಸುತ್ತ ಒಣಗಿತ್ತು, ಅದನ್ನು ಮುಟ್ಟಲಿಲ್ಲ. ಅಲ್ಲಿ ಆಯಿಲ್ ಜಿನುಗುತ್ತಿದ್ದರೆ ಫ್ಲೈವೀಲ್ ಬಿಚ್ಚಿ ಸೀಲ್ ಹಾಕಲೇಬೇಕು, ಇಲ್ಲದಿದ್ದರೆ ಹೊಸ ಪ್ಲೇಟಿಗೂ ಎಣ್ಣೆ ಹತ್ತಿ ಜಾರುತ್ತದೆ.

ಹಳೆ ಕೇಬಲ್ ಬಿಡಿಸಿ ನೋಡಿದಾಗ ಅಕ್ಟೋಬರ್‌ನ ಗುಟ್ಟು ಗೊತ್ತಾಯಿತು. ಪೆಡಲ್ ಹತ್ತಿರದ ತುದಿಯಲ್ಲಿ ಒಳಗಿನ ತಂತಿಯ ನಾಲ್ಕೈದು ಎಳೆ ತುಂಡಾಗಿ ಪೊರಕೆಯ ಹಾಗೆ ಬಿಚ್ಚಿಕೊಂಡಿದ್ದವು. ಕೇಬಲ್ ಉದ್ದವಾಗಿ ಕ್ಲಚ್ ಪೂರ್ತಿ ಬಿಡುತ್ತಿರಲಿಲ್ಲ. ಅವತ್ತೇ 280 ರೂಪಾಯಿಯ ಕೇಬಲ್ ಹಾಕಿ ಅಳತೆ ಪ್ರಕಾರ ಸೆಟ್ ಮಾಡಿದ್ದರೆ ಬೇರಿಂಗ್ ಹೀಗೆ ಹಾಳಾಗುತ್ತಿರಲಿಲ್ಲ.

ಮಧ್ಯಾಹ್ನ 3: ಹಾಕುವಾಗ ಆದ ತಪ್ಪು

ಹೊಸ ಪ್ಲೇಟ್ ಹಾಕುವಾಗ ಯಾವ ಮುಖ ಯಾವ ಕಡೆ ಅಂತ ಎರಡು ಸಲ ನೋಡಿ. ನಮ್ಮದರಲ್ಲಿ ಸ್ಪ್ರಿಂಗ್ ಉಬ್ಬಿದ ಭಾಗ ಗೇರ್‌ಬಾಕ್ಸ್ ಕಡೆಗೆ. ಬಿಚ್ಚುವಾಗಲೇ ಫೋಟೋ ತೆಗೆದಿದ್ದೆ. ಪ್ಲೇಟನ್ನು ಫ್ಲೈವೀಲಿನ ಸರಿ ನಡುವೆ ಕೂರಿಸಬೇಕು, ಇಲ್ಲದಿದ್ದರೆ ಗೇರ್‌ಬಾಕ್ಸ್ ಶಾಫ್ಟ್ ಒಳಗೆ ಹೋಗುವುದಿಲ್ಲ. ಅದಕ್ಕೊಂದು ಪ್ಲಾಸ್ಟಿಕ್ ಟೂಲ್ ಸಿಗುತ್ತದೆ, ನಾನು ತಂದಿರಲಿಲ್ಲ. ಸಾಕೆಟ್ ಎಕ್ಸ್‌ಟೆನ್ಶನ್ ರಾಡಿಗೆ ಇನ್ಸುಲೇಷನ್ ಟೇಪ್ ಸುತ್ತಿ ಅದನ್ನೇ ಟೂಲ್ ಮಾಡಿಕೊಂಡೆ. ಟೇಪ್ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಕಣ್ಣಿಗೆ ಸರಿ ಕಾಣಿಸಿತು. ಪ್ರೆಶರ್ ಪ್ಲೇಟ್ ಟೈಟ್ ಮಾಡಿಬಿಟ್ಟೆ.

ಗೇರ್‌ಬಾಕ್ಸ್ ಎತ್ತಿ ಹಿಡಿದು ತಳ್ಳಿದೆವು, ಅಲ್ಲಾಡಿಸಿದೆವು, ತಿರುಗಿಸಿದೆವು. ಒಂದೂವರೆ ಗಂಟೆ. ಕೊನೆಯ ಎರಡು ಬೆರಳಗಲ ಸೇರುತ್ತಲೇ ಇಲ್ಲ. ತೋಳು ನಡುಗಲು ಶುರುವಾಯಿತು. "ಭಾವ, ಉದ್ದ ಬೋಲ್ಟ್ ಹಾಕಿ ಟೈಟ್ ಮಾಡ್ತಾ ಎಳ್ಕೊಂಬಿಡೋಣ್ವಾ?" ಅಂದ ಬಾಮೈದ. ನಾನೂ ಒಪ್ಪಿ ಎರಡು ಸುತ್ತು ತಿರುಗಿಸಿಯೂ ಬಿಟ್ಟೆ. ಬೋಲ್ಟ್ ಬಿಗಿಯಾದ ಕೂಡಲೇ ಕೈ ನಿಂತಿತು. ಹಾಗೆ ಎಳೆದರೆ ಶಾಫ್ಟ್ ಹೋಗಿ ಪ್ಲೇಟಿನ ನಡುಭಾಗಕ್ಕೆ ಒತ್ತಿ ಅದನ್ನು ಬಗ್ಗಿಸುತ್ತದೆ. 2,650 ರೂಪಾಯಿ ಅಲ್ಲೇ ಮಣ್ಣುಪಾಲು. ಬೋಲ್ಟ್ ವಾಪಸ್ ತೆಗೆದು, ಗೇರ್‌ಬಾಕ್ಸ್ ಕೆಳಗಿಳಿಸಿ, ಟೀ ಕುಡಿದೆವು.

ಫ್ಲೈವೀಲ್ ನಡುವಿನ ಬೇರಿಂಗ್ ತೂತು, ಪ್ಲೇಟಿನ ಹಲ್ಲಿನ ತೂತು, ಎರಡರ ಅಳತೆಯನ್ನೂ ವರ್ನಿಯರ್‌ನಲ್ಲಿ ತೆಗೆದು ಪಕ್ಕದ ಬೀದಿಯ ಬಡಗಿ ಹತ್ತಿರ ಹೋದೆ. ಅವರು ಕಾಫಿ ಗಿಡದ ಒಣಗಿದ ಕೋಲನ್ನು ಎರಡು ದಪ್ಪಕ್ಕೆ ಕಡೆದು ಕೊಟ್ಟರು. ಕಾಫಿ ಮರ ಗಟ್ಟಿ, ನುಣುಪಾಗಿ ಬರುತ್ತದೆ. ಹೇಳಿದ್ದು ಐವತ್ತು ರೂಪಾಯಿ. ಪ್ರೆಶರ್ ಪ್ಲೇಟ್ ಸಡಿಲ ಮಾಡಿ ಆ ಕೋಲು ತೂರಿಸಿದಾಗ ಪ್ಲೇಟ್ ಸುಮಾರು 2 ಮಿ.ಮೀ. ಕೆಳಗೆ ಜಾರಿ ಕೂತಿದ್ದು ಕಾಣಿಸಿತು. ಸರಿ ಮಾಡಿ, ಆರು ಬೋಲ್ಟನ್ನೂ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ, ಕೊನೆಗೆ ಟಾರ್ಕ್ ರೆಂಚಿನಲ್ಲಿ 23 ನ್ಯೂಟನ್ ಮೀಟರ್. ಶಾಫ್ಟಿನ ಹಲ್ಲಿಗೆ ಬೆರಳ ತುದಿಯಷ್ಟು ಗ್ರೀಸ್ ಸವರಿ ಹೆಚ್ಚಾದದ್ದನ್ನು ಒರೆಸಿದೆ. ಜಾಸ್ತಿ ಹಾಕಿದರೆ ಅದು ಸಿಡಿದು ಪ್ಲೇಟಿಗೆ ಹತ್ತುತ್ತದೆ.

ಈ ಸಲ ಗೇರ್‌ಬಾಕ್ಸ್ ನಾಲ್ಕು ನಿಮಿಷಕ್ಕೆ ಹೋಗಿ ಕೂತಿತು. ಟಕ್ ಅಂತ ಒಂದು ಸದ್ದು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಉಳಿದದ್ದನ್ನೆಲ್ಲ ಉಲ್ಟಾ ಕ್ರಮದಲ್ಲಿ ಜೋಡಿಸಿ, ಪಕ್ಕದ ಲೆವೆಲ್ ತೂತಿನಿಂದ ಆಯಿಲ್ ಹೊರಗೆ ಜಿನುಗುವವರೆಗೆ ತುಂಬಿಸಿದಾಗ ರಾತ್ರಿ 9:40.

ಜನವರಿ 26, ಭಾನುವಾರ

ಬೆಳಿಗ್ಗೆ ನೋಡಿದರೆ ಗಾಡಿ ಅಡಿಗೆ ಹಾಸಿದ್ದ ಪೇಪರ್ ಮೇಲೆ ಅಂಗೈಯಷ್ಟು ಎಣ್ಣೆ. ಬಲಗಡೆ ಡ್ರೈವ್ ಶಾಫ್ಟ್ ಹತ್ತಿರ. ನಿನ್ನೆ ಹಾರೆ ಆಡಿಸಿದಾಗ ಸೀಲಿನ ತುಟಿ ಹರಿದಿದೆ. ಶಾಫ್ಟ್ ತೆಗೆದಾಗ ಸೀಲ್ ಬದಲಿಸೋದು ರೂಢಿ. ಅದನ್ನು ತರುವ ಪಟ್ಟಿಯಲ್ಲೇ ಬರೆದಿರಲಿಲ್ಲ. ಇವತ್ತು ಗಣರಾಜ್ಯೋತ್ಸವ, ಮೇಲೆ ಭಾನುವಾರ. ಒಂದೂ ಸ್ಪೇರ್ಸ್ ಅಂಗಡಿ ತೆರೆದಿಲ್ಲ. ಗಾಡಿ ಸ್ಟ್ಯಾಂಡ್ ಮೇಲೆಯೇ ನಿಂತಿತು.

ಜನವರಿ 27, ಸೋಮವಾರ

ಎರಡು ಸೀಲ್ ತಂದೆ, 160 ರೂಪಾಯಿ. ಹೊಸ ಆಯಿಲನ್ನು ತೊಳೆದ ಬೇಸಿನ್‌ಗೆ ಇಳಿಸಿಕೊಂಡೆ. ಎರಡೂ ಶಾಫ್ಟ್ ಮತ್ತೆ ಹೊರಗೆ. ಸೀಲನ್ನು ಅದೇ ದಪ್ಪದ ಪಿವಿಸಿ ಪೈಪಿನ ತುಂಡಿಟ್ಟು ಸುತ್ತಲೂ ಸಮನಾಗಿ ತಟ್ಟಿ ಕೂರಿಸಿದೆ. ತುಟಿಗೆ ಸ್ವಲ್ಪ ಆಯಿಲ್ ಸವರಿ ಶಾಫ್ಟ್ ನೇರ ತೂರಿಸಿದೆವು. ಇಳಿಸಿದ್ದ ಆಯಿಲನ್ನು ಬಟ್ಟೆಯಲ್ಲಿ ಸೋಸಿ ವಾಪಸ್ ಹಾಕಿದೆ. ಹೊಸ ಕೇಬಲ್ ಸೆಟ್ಟಿಂಗ್: ಲಿವರ್ ಹತ್ತಿರ 3 ಮಿ.ಮೀ., ಪೆಡಲ್ ಹತ್ತಿರ 20. ಸಂಜೆ ಮೊದಲ ಪರೀಕ್ಷೆ ಮತ್ತೆ ಮಾಡಿದೆ. ಮೂರನೇ ಗೇರ್, ಹ್ಯಾಂಡ್ ಬ್ರೇಕ್, ಕ್ಲಚ್ ಬಿಟ್ಟ ಕೂಡಲೇ ಎಂಜಿನ್ ಆಫ್. ರಿವರ್ಸ್ ಸದ್ದಿಲ್ಲದೆ ಬಿತ್ತು.

ಖರ್ಚು: ಸಾಮಾನು ಮತ್ತು ಬಡಗಿ ಕೂಲಿ ಸೇರಿ 4,140. ಜಾಕಿ ಸ್ಟ್ಯಾಂಡ್ ಸೇರಿಸಿದರೆ 5,540. ಗ್ಯಾರೇಜಿಗಿಂತ 2,260 ಕಡಿಮೆ. ಇಬ್ಬರ ಎರಡು ದಿನದ ದುಡಿಮೆಗೆ ಬೆಲೆ ಕಟ್ಟಿದರೆ ದುಡ್ಡೇನೂ ಉಳಿಯಲಿಲ್ಲ. ದುಡ್ಡು ಉಳಿಸಲು ಮಾತ್ರ ಮಾಡುವುದಾದರೆ ಗ್ಯಾರೇಜಿಗೇ ಕೊಡಿ. ನನಗೆ ಏನು ಸುಟ್ಟಿತ್ತು, ಯಾಕೆ ಸುಟ್ಟಿತು ಅಂತ ಕಣ್ಣಾರೆ ನೋಡಬೇಕಿತ್ತು.

ಫೆಬ್ರವರಿ 9, ಭಾನುವಾರ

ಮೊದಲ 500 ಕಿ.ಮೀ. ಜೋರು ರೇಸ್ ಕೊಡದೆ, ಭಾರ ಹೇರದೆ ಓಡಿಸಿದೆ. ಇವತ್ತು ಅದೇ ನಾಲ್ಕು ಜನ, ಅದೇ ಚಾರ್ಮಾಡಿ. ತಿರುವಿನಲ್ಲಿ ಎರಡು ಸಲ ನಿಲ್ಲಬೇಕಾಯಿತು. ಎರಡೂ ಸಲ ಹ್ಯಾಂಡ್ ಬ್ರೇಕ್ ಎಳೆದು ನ್ಯೂಟ್ರಲ್ ಮಾಡಿದೆ. ಹೊರಡುವಾಗ ಕ್ಲಚ್ ಹಿಡಿದ ಮೇಲೆ ಬ್ರೇಕ್ ಬಿಟ್ಟೆ. ಅಮ್ಮ ಕಿಟಕಿ ಇಳಿಸಿ ಮೂಸಿ ನೋಡಿದರು. "ಏನೂ ಇಲ್ಲ ಕಣೋ" ಅಂದರು.

ಮನೆಗೆ ಬಂದು ಸ್ಕೇಲ್ ಹಿಡಿದೆ. ಫ್ರೀ ಪ್ಲೇ 20 ಮಿ.ಮೀ., ಬದಲಾಗಿಲ್ಲ. ಬಾನೆಟ್ ಒಳಗೆ ಮಾರ್ಕರ್‌ನಲ್ಲಿ ಆ ಅಳತೆಯನ್ನೂ ದಿನಾಂಕವನ್ನೂ ಬರೆದಿದ್ದೇನೆ. ಮುಂದಿನ ಸಲ ನೋಡಬೇಕಾದದ್ದು 96,500 ಕಿ.ಮೀ.ಗೆ.